ಲೀಮಾದಿಂದ ಸಾವೊ ಪಾಲೊಗೆ ಮೂರು ಗಂಟೆ

ಪೆರುವಿನ ಲೀಮಾದಿಂದ ಬ್ರೆಜಿಲ್‌ನ ಸಾವೊ ಪಾಲೊಗೆ ವಿಮಾನದಲ್ಲಿ ಹೆಚ್ಚುಕಡಿಮೆ ಐದು ಗಂಟೆ ಬೇಕು. ಗಾಳಿ ಅನುಕೂಲವಾಗಿದ್ದರೆ ಹತ್ತು ಹದಿನೈದು ನಿಮಿಷ ಉಳಿದೀತು, ಅಷ್ಟೆ. ದೂರ ಸುಮಾರು ಮೂರೂವರೆ ಸಾವಿರ ಕಿಲೋಮೀಟರ್. ದೋಹಾದಿಂದ ನಮ್ಮ ಮಂಗಳೂರು ಕೂಡ ಅಷ್ಟು ದೂರವಿಲ್ಲ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ನಾನು ಇದನ್ನು ತಪ್ಪದೆ ಹೇಳುತ್ತೇನೆ. ಆದರೂ ಅದು ಮೂರೇ ಗಂಟೆಯ ದಾರಿ ಎಂದು ಒಬ್ಬ ತಂದೆಗೆ ಹೇಳಿ, ಅವನನ್ನು ಮಗಳ ಮದುವೆಗೆ ಇಲ್ಲದಂತೆ ಮಾಡಿದವಳು ನಾನೇ ಎಂದು ನಂಬಿದವರು ಈ ಊರಿನಲ್ಲಿದ್ದಾರೆ. ನೆನೆದಾಗಲೆಲ್ಲ ಮೈ ಉರಿಯುತ್ತದೆ. ವಯಸ್ಸಾಯಿತು, ಕೋಪ ಬಿಡು ಎನ್ನುತ್ತಾರೆ ನನ್ನವರು. ಬಿಡುವುದು ಹೇಗೆ?

ದೋಹಾದ ಅಲ್ ಮನ್ಸೂರಾ ಬಡಾವಣೆಯ ಒಂದು ಟ್ರಾವೆಲ್ ಆಫೀಸಿನಲ್ಲಿ ನನಗೆ ಹದಿನಾಲ್ಕು ವರ್ಷದ ಕೆಲಸ. ಕೆಳಗೆ ದೋಸೆ ಹೋಟೆಲು, ಪಕ್ಕದಲ್ಲಿ ಊರಿಗೆ ಹಣ ಕಳಿಸುವ ಎಕ್ಸ್‌ಚೇಂಜು, ಮೇಲೆ ನಾವು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸಾಂಬಾರಿನ ಒಗ್ಗರಣೆ ಏರಿ ಬಂದು ಇಡೀ ಆಫೀಸು ಸೀನುತ್ತದೆ. ನಾನು ಕಂಪನಿಗಳ ಟಿಕೆಟು ನೋಡುವವಳು. ತೈಲ, ಗ್ಯಾಸು, ಕಟ್ಟಡ ಕೆಲಸದ ಕಂಪನಿಯವರು ತಮ್ಮ ಎಂಜಿನಿಯರುಗಳನ್ನು ಜಗತ್ತಿನ ಯಾವ ಮೂಲೆಗೆ ಕಳಿಸಬೇಕಾದರೂ ನನ್ನ ಮೇಜಿಗೆ ಮೇಲ್ ಹಾಕುತ್ತಿದ್ದರು. ಎಲ್ಲಿ ಇಳಿಯಬೇಕು, ಎಷ್ಟು ಹೊತ್ತು ಕಾಯಬೇಕು, ಯಾವ ವಿಮಾನ ತಪ್ಪಿದರೆ ಯಾವುದು ಸಿಗುತ್ತದೆ, ಎಲ್ಲ ಹೇಳುವುದು ನನ್ನ ಕೆಲಸ. ಡಿಗ್ರಿ ಗಿಗ್ರಿ ಏನೂ ದೊಡ್ಡದಿಲ್ಲ ನನ್ನದು. ಇದ್ದದ್ದು ಒಂದೇ, ಹೆಸರು. "ಆ ಮಂಗಳೂರಿನ ಮೇಡಂ ಹೇಳಿದ್ದಾರಾ? ಹಾಗಾದರೆ ಸರಿ" ಎನ್ನುವಷ್ಟು ಹೆಸರು.

ಆ ಹೆಸರಿನ ಮೇಲೆಯೇ ನಮ್ಮ ಮ್ಯಾನೇಜರ್ ಒಂದು ಪದ್ಧತಿ ಮಾಡಿಟ್ಟಿದ್ದರು. ಅವರು ತ್ರಿಶೂರಿನವರು, ಲೆಕ್ಕಾಚಾರದ ಮನುಷ್ಯ. ನನ್ನ ಮೇಜಿಗೆ ಒಂದೇ ಮೇಲ್, ಒಂದೇ ಪಾಸ್‌ವರ್ಡ್. ನನ್ನ ಕೈಕೆಳಗಿನವರು ಯಾರು ಕೂತು ಟೈಪ್ ಮಾಡಿದರೂ ಅಡಿಯಲ್ಲಿ ಬೀಳುವುದು ನನ್ನ ಹೆಸರು. ಗಿರಾಕಿಗೆ ಒಂದೇ ಹೆಸರು ಗೊತ್ತಿರಬೇಕು, ಹೆಸರು ಬದಲಾದರೆ ಗಿರಾಕಿಯೂ ಅಂಗಡಿ ಬದಲಾಯಿಸುತ್ತಾನೆ ಎಂದು ಅವರ ವಾದ. ನಾನು ಬೇಡ ಎನ್ನಲಿಲ್ಲ. ಸುಳ್ಳು ಯಾಕೆ ಹೇಳಲಿ, ಒಳಗೊಳಗೆ ಹೆಮ್ಮೆಯಾಗಿತ್ತು. ಬೇರೆಯವರ ಕೆಲಸವೂ ನನ್ನ ಹೆಸರಿನಲ್ಲಿ ಹೋಗುತ್ತದಲ್ಲ ಎಂಬ ಹೆಮ್ಮೆ. ಬೇರೆಯವರ ತಪ್ಪೂ ಹೋಗಬಹುದು ಎಂದು ಆಗ ಹೊಳೆಯಲಿಲ್ಲ.

ನಾಲ್ಕು ವರ್ಷದ ಹಿಂದೆ ನನ್ನ ಮೇಜಿಗೆ ಒಬ್ಬಳನ್ನು ಕೊಟ್ಟರು. ಹಾಸನದ ಕಡೆಯವಳು, ಮೂವತ್ತೂ ತುಂಬಿರಲಿಲ್ಲ. ಗಂಡ ಸಮುದ್ರದ ನಡುವಿನ ಗ್ಯಾಸ್ ಪ್ಲಾಟ್‌ಫಾರ್ಮಿನಲ್ಲಿ. ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಮನೆಯಲ್ಲಿ. ಮನೆ ದೋಹಾ ಪಕ್ಕದ ಅಲ್ ವಕ್ರಾದಲ್ಲಿ, ಹೆಣ್ಣುಮಗು ಒಂದು. ಮೊದಲ ದಿನವೇ "ಅಕ್ಕಾ" ಎಂದಳು. ನನಗೆ ತಂಗಿಯರಿಲ್ಲ, ಕರಗಿಬಿಟ್ಟೆ. ಸಂಜೆ ಅವಳು ಮೆಟ್ರೋ ಹತ್ತುವವರೆಗೆ ನಾವಿಬ್ಬರೂ ಮಾತಾಡುತ್ತ ನಡೆಯುತ್ತಿದ್ದೆವು. ಮನೆಯಲ್ಲಿ ನಾನು ಬ್ಯಾರಿ ಮಾತಾಡುವವಳು, ಮಕ್ಕಳು ಇಂಗ್ಲಿಷಿಗೆ ಬಿದ್ದು ಎಷ್ಟೋ ಕಾಲವಾಗಿತ್ತು. ದಿನಕ್ಕೊಂದು ಗಂಟೆ ಬಾಯಿ ತುಂಬ ಕನ್ನಡ ಸಿಕ್ಕಿದ್ದು ಅವಳಿಂದಲೇ.

ಕೆಲಸವನ್ನೆಲ್ಲ ನಾನೇ ಕಲಿಸಿದೆ. ಬೈದು ಕಲಿಸಿದೆ, ಅದೂ ನಿಜ. ಟಿಕೆಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. ಒಂದರಿಂದ ಇನ್ನೊಂದನ್ನು ಕಳೆದರೆ ಪ್ರಯಾಣದ ಹೊತ್ತು ಬರುವುದಿಲ್ಲ. ಇದು ನಮ್ಮ ಕೆಲಸದ ಅ ಆ ಇ ಈ. ಅವಳು ಆಗಾಗ ಇದರಲ್ಲೇ ಎಡವುತ್ತಿದ್ದಳು.

"ಎಂತ ಮಾರಾಯ್ತಿ, ಎರಡು ಊರಿನ ಗಡಿಯಾರ ಹಿಡಿದು ಕಳೆಯುವುದಾ? ಮೊದಲು ಎರಡನ್ನೂ ಒಂದೇ ಊರಿನ ಹೊತ್ತಿಗೆ ತಾ" ಎಂದು ನಾನು ಗದರುತ್ತಿದ್ದೆ.

"ಈ ತಲೆಗೆ ಹತ್ತಲ್ಲ ಬಿಡಿ ಅಕ್ಕಾ. ನೀವಿದ್ದೀರಲ್ಲ" ಎಂದು ನಗುತ್ತಿದ್ದಳು.

ಗಲ್ಫಿನಲ್ಲಿ ಇದ್ದವರಿಗೆ ಇನ್ನೊಂದು ಕಾಯಿಲೆ ಇದೆ. ಬಹರೇನಿಗೆ ಹತ್ತಿದರೆ ಸೀಟ್ ಬೆಲ್ಟ್ ಬಿಚ್ಚುವುದರೊಳಗೆ ಇಳಿಯಬೇಕು. ದುಬೈ ಒಂದು ಗಂಟೆ ಚಿಲ್ಲರೆ. ಹಾಗಾಗಿ ನಕಾಶೆಯಲ್ಲಿ ಗಡಿಗೆ ಗಡಿ ತಾಗಿದ ಯಾವ ಎರಡು ದೇಶ ಕಂಡರೂ ನಮಗೆ ಪಕ್ಕದ ಬೀದಿ ಎನಿಸುತ್ತದೆ. ಪೆರು, ಬ್ರೆಜಿಲ್ ಅಕ್ಕಪಕ್ಕ ನಿಜ. ಆದರೆ ಲೀಮಾ ಇರುವುದು ಆಚೆಯ ಸಮುದ್ರದ ದಡದಲ್ಲಿ, ಸಾವೊ ಪಾಲೊ ಈಚೆಯ ಸಮುದ್ರದ ಹತ್ತಿರ. ನಡುವೆ ಆಂಡಿಸ್ ಬೆಟ್ಟಗಳ ಸಾಲು ಇದೆ, ಇಡೀ ಬೊಲಿವಿಯಾ ಇದೆ. ಎರಡೂ ಊರಿನ ಗಡಿಯಾರಕ್ಕೆ ಎರಡು ಗಂಟೆ ವ್ಯತ್ಯಾಸ.

ನಮ್ಮ ಗಿರಾಕಿಗಳಲ್ಲಿ ಬಾಗಲಕೋಟೆ ಕಡೆಯ ಒಬ್ಬ ಎಂಜಿನಿಯರ್ ಇದ್ದರು. ಗ್ಯಾಸ್ ಪೈಪಿನ ಕೆಲಸ, ವರ್ಷದಲ್ಲಿ ಆರು ತಿಂಗಳು ತಿರುಗಾಟ. ಊರಿಗೆ ಹೋಗಿ ಬಂದಾಗಲೆಲ್ಲ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತಂದು ನನ್ನ ಮೇಜಿನ ಮೇಲಿಟ್ಟು, "ಅಕ್ಕಾರ, ನಿಮ್ಮ ಕೈಯಾಗಿನ ಟಿಕೀಟು ಅಂದ್ರ ನಾ ಕಣ್ಣ ಮುಚ್ಚಿ ಕುಂದರತೀನ್ರಿ" ಎನ್ನುತ್ತಿದ್ದರು. ಹೋದ ವರ್ಷ ಅವರ ಒಬ್ಬಳೇ ಮಗಳ ಮದುವೆ ಗೊತ್ತಾಯಿತು. ಅದೇ ಹೊತ್ತಿಗೆ ಕಂಪನಿ ಅವರನ್ನು ಲೀಮಾಕ್ಕೆ ಕಳಿಸಿತು. ಹೋಗಿ ಬರುವ ಟಿಕೆಟನ್ನು ನಾನೇ ಕೂತು ಹೊಂದಿಸಿದೆ. ಮಂಗಳವಾರ ಬೆಳಿಗ್ಗೆ ಲೀಮಾ ಬಿಟ್ಟು, ರಾತ್ರಿ ಎಂಟೂವರೆಗೆ ಸಾವೊ ಪಾಲೊದಿಂದ ದೋಹಾ ವಿಮಾನ, ಅಲ್ಲಿಂದ ಬೆಂಗಳೂರು, ಗುರುವಾರ ಸಂಜೆಗೆ ಮನೆ. ಮದುವೆ ಶುಕ್ರವಾರ ಮಧ್ಯಾಹ್ನ. "ಸರ್, ಒಂದು ದಿನವೇ ಕೈಯಲ್ಲಿರುವುದು, ಏನನ್ನೂ ಬದಲಾಯಿಸಬೇಡಿ" ಎಂದು ಮೂರು ಸಲ ಹೇಳಿ ಕಳಿಸಿದೆ.

ಆ ವಾರದ ಭಾನುವಾರ, ಅಂದರೆ ಇಲ್ಲಿಯ ವಾರದ ಮೊದಲ ಕೆಲಸದ ದಿನ, ಬೆಳಿಗ್ಗೆ ಆರೂವರೆಗೆ ಅವಳ ಫೋನು ಬಂತು. ಮಗುವಿಗೆ ಜ್ವರ, ನರ್ಸರಿಯವರು ಒಳಗೆ ಬಿಡುವುದಿಲ್ಲ, ಗಂಡ ಸಮುದ್ರದಲ್ಲಿ, ಅವಳ ರಜೆಯೆಲ್ಲ ಮುಗಿದಿತ್ತು. ಇನ್ನೊಂದು ದಿನ ರಜೆ ಹಾಕಿದರೆ ಕೆಲಸ ಬಿಡು ಎಂದು ಮ್ಯಾನೇಜರ್ ಹೇಳಿದ್ದರು. ಅಳುತ್ತಿದ್ದಳು. ನಾನು ಏನು ಮಾಡಿದೆ? ನನಗೇ ಜ್ವರ ಎಂದು ಆಫೀಸಿಗೆ ಸುಳ್ಳು ಹೇಳಿ ಅಲ್ ವಕ್ರಾಕ್ಕೆ ಹೋದೆ. ಅವಳು ನನ್ನ ಮೇಜಿಗೆ ಹೋದಳು. ಇಡೀ ದಿನ ಆ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕಿ, ಗಂಜಿ ಕುಡಿಸಿ, ಹೆಗಲ ಮೇಲೆ ಮಲಗಿಸಿಕೊಂಡು ತಿರುಗಿದೆ. ಮಧ್ಯಾಹ್ನ ಜ್ವರ ಇಳಿದಾಗ ಮಗು ನಿದ್ದೆ ಮಾಡುತ್ತಿದ್ದ ಫೋಟೋ ತೆಗೆದು ಅವಳಿಗೆ ಕಳಿಸಿದೆ.

ಸಂಜೆ ಬಂದು ಮಗುವನ್ನು ಎತ್ತಿಕೊಳ್ಳುತ್ತ ಅವಳೆಂದಳು, "ಅಕ್ಕಾ, ಆ ಲೀಮಾ ಸಾರ್ ಮೇಲ್ ಹಾಕಿದ್ರು. ಸೈಟಲ್ಲಿ ಕೆಲ್ಸ ಉಳಿದಿದೆ, ಬೆಳಿಗ್ಗೆ ಫ್ಲೈಟ್ ಬಿಟ್ಟು ಮಧ್ಯಾಹ್ನ ಎರಡು ಗಂಟೇದು ಹಿಡಿದ್ರೆ ಆಗುತ್ತಾ ಅಂತ. ಆಗುತ್ತೆ ಅಂತ ಹೇಳ್ಬಿಟ್ಟೆ. ಟಿಕೆಟ್ ಅಲ್ಲೇ ಬದಲಾಯಿಸ್ಕೋತಾರಂತೆ."

"ಸರಿಯಾಗಿ ನೋಡಿ ಹೇಳಿದೆ ತಾನೆ?"

"ನೋಡಿದೆ ಅಕ್ಕಾ. ನೀವು ಮನೆಗೆ ಹೋಗಿ, ಸುಸ್ತಾಗಿದ್ದೀರಾ."

ನಾನು ಮೇಲ್ ತೆರೆದು ನೋಡಬೇಕಿತ್ತು. ಸೊಂಟ ಹಿಡಿದುಹೋಗಿತ್ತು, ಹಸಿದಿದ್ದೆ, ನೋಡಲಿಲ್ಲ. ನನ್ನ ಪಾಲಿನ ತಪ್ಪು ಅಷ್ಟು. ಅದನ್ನು ಬೇಕಾದರೆ ನಾನು ಬೀದಿಯಲ್ಲಿ ನಿಂತು ಒಪ್ಪಿಕೊಳ್ಳುತ್ತೇನೆ.

ಬುಧವಾರ ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆಯುವಾಗಲೇ ನನ್ನ ಮೊಬೈಲು ರಿಂಗಾಯಿತು. ಸಾವೊ ಪಾಲೊ ವಿಮಾನ ನಿಲ್ದಾಣದಿಂದ ಎಂಜಿನಿಯರ್.

"ಅಕ್ಕಾರ, ವಿಮಾನ ಹೋತ್ರಿ."

"ಯಾವ ವಿಮಾನ ಸರ್?"

"ದೋಹಾದ್ದು. ನಾ ಇಲ್ಲಿ ಇಳಿಯೂದ್ರಾಗ ಒಂಬತ್ತಾಗಿತ್ತು. ಎರಡಕ್ಕ ಬಿಟ್ರ ಐದಕ್ಕ ಮುಟ್ಟತೀರಿ ಅಂತ ಬರದಿದ್ರಿ. ನಿಮ್ಮ ಹೆಸರ ನೋಡಿದೆ, ಟಿಕೀಟ್ ನೋಡ್ಲಿಲ್ರಿ ನಾ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನಾನು ಕಂಪ್ಯೂಟರ್ ತೆರೆದು ಆ ಮೇಲ್ ಓದಿದೆ. ಲೀಮಾದಿಂದ ಸಾವೊ ಪಾಲೊಗೆ ಮೂರು ಗಂಟೆ, ಎರಡರ ವಿಮಾನ ಧಾರಾಳ ಸಾಕು, ನಿಶ್ಚಿಂತೆಯಿಂದ ಬನ್ನಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅಡಿಯಲ್ಲಿ ನನ್ನ ಹೆಸರು. ಹೋಗುವಾಗಿನ ಟಿಕೆಟಿನಲ್ಲಿ ಸಾವೊ ಪಾಲೊ ಬಿಟ್ಟದ್ದು ಎಂಟಕ್ಕೆ, ಲೀಮಾ ತಲುಪಿದ್ದು ಹನ್ನೊಂದಕ್ಕೆ ಎಂದಿತ್ತು. ಎಂಟನ್ನು ಹನ್ನೊಂದರಿಂದ ಕಳೆದಿದ್ದಾಳೆ! ನಾಲ್ಕು ವರ್ಷ ಗಂಟಲು ಹರಿದುಕೊಂಡು ಹೇಳಿಕೊಟ್ಟದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಹೋಗುವಾಗ ಗಡಿಯಾರ ಎರಡು ಗಂಟೆ ಹಿಂದೆ ಹೋಗಿ ಐದು ಮೂರಾಗಿ ಕಂಡಿದೆ. ಬರುವಾಗ ಅದೇ ಎರಡು ಗಂಟೆ ಸೇರಿ ಏಳಾಗುತ್ತದೆ. ಮನುಷ್ಯ ಎರಡಕ್ಕೆ ಬಿಟ್ಟು ಒಂಬತ್ತಕ್ಕೆ ಇಳಿದಿದ್ದರು.

ಅವಳನ್ನು ಚಹಾ ಮಾಡುವ ಕೋಣೆಗೆ ಎಳೆದುಕೊಂಡು ಹೋಗಿ ಕೇಳಿದೆ. ಅವಳ ಮುಖ ಬಿಳಿಚಿತು. ನನ್ನ ಎರಡೂ ಕೈ ಹಿಡಿದುಕೊಂಡು, "ಅಕ್ಕಾ, ನನ್ನ ಕೆಲ್ಸ ಹೋಗುತ್ತೆ. ಯಾರಿಗೂ ಹೇಳ್ಬೇಡಿ" ಎಂದು ಬಿಕ್ಕಿದಳು. ಕೋಪ ನೆತ್ತಿಗೇರಿತ್ತು, ಆದರೂ ಕರುಳು ಕೇಳಬೇಕಲ್ಲ.

"ಅಳಬೇಡ. ನಾಳೆ ಇಬ್ಬರೂ ಒಟ್ಟಿಗೆ ಮ್ಯಾನೇಜರ್ ಹತ್ತಿರ ಹೋಗುವ. ನಾನು ನೋಡದೆ ಬಿಟ್ಟದ್ದು ನನ್ನ ತಪ್ಪು ಅಂತ ನಾನೇ ಹೇಳ್ತೇನೆ. ನಿನ್ನನ್ನು ತೆಗೆಯಲಿಕ್ಕೆ ನಾನು ಬಿಡುವುದಿಲ್ಲ" ಎಂದೆ.

ಆಮೇಲೆ ಇಡೀ ದಿನ ಸೀಟು ಹುಡುಕಿದೆ. ಬೇರೆ ದಾರಿ, ಬೇರೆ ಊರು, ಏನೇನೋ ತಿರುಗಿಸಿ ನೋಡಿದೆ. ಮರುದಿನದ ವಿಮಾನಕ್ಕಿಂತ ಬೇಗ ಯಾವುದೂ ತಲುಪಿಸುವಂತಿರಲಿಲ್ಲ. ಅವರು ಬೆಂಗಳೂರಿನಲ್ಲಿ ಇಳಿದದ್ದು ಶುಕ್ರವಾರ ಬೆಳಿಗ್ಗೆ. ಕಾರು ಮಾಡಿಕೊಂಡು ಮದುವೆ ಮಂಟಪ ಮುಟ್ಟಿದಾಗ ಸಂಜೆಯಾಗಿತ್ತು. ಮಗಳಿಗೆ ಅಕ್ಕಿಕಾಳು ಬಿದ್ದು ತಾಸುಗಟ್ಟಲೆ ಆಗಿತ್ತು. ಅಪ್ಪನ ಜಾಗದಲ್ಲಿ ಚಿಕ್ಕಪ್ಪ ನಿಂತಿದ್ದರಂತೆ.

ಇದಕ್ಕೆ ಮೊದಲೇ, ಗುರುವಾರ, ಇಲ್ಲಿ ನನ್ನ ಕತೆ ಮುಗಿದಿತ್ತು. ಆ ದಿನ ಬೆಳಿಗ್ಗೆ ನಾನು ಹೋಗುವಾಗ ಅವಳು ಅವಳ ಜಾಗದಲ್ಲಿರಲಿಲ್ಲ. ಮ್ಯಾನೇಜರ್ ನನ್ನನ್ನು ಕರೆಸಿದರು. ಒಳಗೆ ಹೋದರೆ ಅವಳು ಆಗಲೇ ಅಲ್ಲಿ ಕೂತಿದ್ದಾಳೆ, ಮುಂದೆ ಅರ್ಧ ಕುಡಿದ ಚಹಾದ ಲೋಟ. ಒಟ್ಟಿಗೆ ಹೋಗುವ ಎಂದಿದ್ದೆನಲ್ಲ, ಅವಸರವಾಗಿ ಮೊದಲೇ ಬಂದಿದ್ದಾಳೇನೋ ಎಂದುಕೊಂಡೆ. ನೋಡಿ ನನ್ನ ಬುದ್ಧಿ!

ಎಂಜಿನಿಯರ್ ಕಂಪನಿಯ ದೂರು ಮೇಜಿನ ಮೇಲಿತ್ತು. ಮ್ಯಾನೇಜರ್ ಹಿಂದಿಯಲ್ಲಿ, ಈ ಮೇಲ್ ಯಾಕೆ ಹೀಗೆ ಬರೆದಿರಿ ಎಂದು ಕೇಳಿದರು. ನಾನು ಬರೆದದ್ದಲ್ಲ, ಭಾನುವಾರ ನಾನು ಆಫೀಸಿನಲ್ಲೇ ಇರಲಿಲ್ಲ ಎಂದೆ. ಜ್ವರವೆಂದು ರಜೆ ಹಾಕಿದವರು ಮನೆಯಿಂದ ಮೇಲ್ ಮಾಡಿರಬಹುದಲ್ಲ, ಎಷ್ಟೋ ಸಲ ಮಾಡಿದ್ದೀರಿ ಎಂದರು. ಅದೂ ನಿಜ, ಮೊಬೈಲಿನಿಂದ ನಾನು ಮಾಡುತ್ತಿದ್ದೆ. ಆಗ ನಾನು, ನನಗೆ ಜ್ವರವಿರಲಿಲ್ಲ, ಇವಳ ಮನೆಯಲ್ಲಿ ಇವಳ ಮಗುವನ್ನು ನೋಡಿಕೊಂಡಿದ್ದೆ ಎಂದು ಹೇಳಿ ಆ ಫೋಟೋ ತೋರಿಸಿದೆ. ತೋರಿಸಿ ಅವಳತ್ತ ತಿರುಗಿದೆ. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಹೇಳಿದಳು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಹೇಳಿದಳು.

"ಹೌದು ಸರ್, ಅಕ್ಕ ನಮ್ಮನೇಲಿದ್ರು. ಪಾಪ, ಮಗು ತುಂಬಾ ಹಠ ಮಾಡ್ತಿತ್ತು. ಅಲ್ಲಿಂದಾನೇ ಮೊಬೈಲಲ್ಲಿ ಮೇಲ್ ಎಲ್ಲ ನೋಡ್ತಿದ್ರು. ಆ ಗಲಾಟೇಲಿ ಕನ್‌ಫ್ಯೂಸ್ ಆಗಿರ್ಬೇಕು. ಅವರ ತಪ್ಪಲ್ಲ ಸರ್, ದಯವಿಟ್ಟು ಅವರನ್ನ ಏನೂ ಮಾಡ್ಬೇಡಿ."

ಕನ್ನಡದಲ್ಲಿ ನನಗೆ ಕೇಳಲೆಂದು ಹೇಳಿ, ಅದನ್ನೇ ಹಿಂದಿಯಲ್ಲಿ ಅವರಿಗೂ ಹೇಳಿದಳು. ನನ್ನ ಪರವಾಗಿ ಕೈ ಮುಗಿದಳು ಕೂಡ! ನಾನು ಎದೆಗೆ ಹಾಕಿ ಮಲಗಿಸಿದ ಮಗುವನ್ನು ನನ್ನ ತಪ್ಪಿಗೆ ಕಾರಣ ಮಾಡಿ ಕೊಟ್ಟಳು. ಉಂಡ ಮನೆಗೆ ಎರಡು ಬಗೆಯುವುದು ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದನ್ನು ಅಷ್ಟು ವರ್ಷ ಬರೀ ಕೇಳಿದ್ದೆ. ಆ ದಿನ ಕಣ್ಣಾರೆ ಕಂಡೆ.

ನನ್ನ ಮಾತು ತಾರುಮಾರಾಗಿ ಹೊರಟಿತು. ಕೂಗಿದೆ. ಎಲ್ಲರ ಮೇಲ್ ನನ್ನ ಹೆಸರಿನಲ್ಲಿ ಹೋಗಲಿ ಎಂದು ಪದ್ಧತಿ ಮಾಡಿದವರು ನೀವೇ ಅಲ್ಲವೇ ಎಂದು ಮ್ಯಾನೇಜರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಅಂಥ ಪದ್ಧತಿ ಯಾವ ಕಾಗದದಲ್ಲಿದೆ, ಪಾಸ್‌ವರ್ಡ್ ಬೇರೆಯವರಿಗೆ ಕೊಡುವುದೇ ತಪ್ಪು ಎಂದರು. ಸುಳ್ಳು ಹೇಳಿ ರಜೆ ಹಾಕಿದ್ದು ಇನ್ನೊಂದು ತಪ್ಪು. "ಖಲಾಸ್" ಎಂದು ಫೈಲು ಮುಚ್ಚಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೆಲಸದಿಂದ ತೆಗೆಯಲಿಲ್ಲ, ಆದರೆ ಮೇಜು ಹೋಯಿತು. ನನ್ನನ್ನು ಬಾಗಿಲ ಬಳಿಯ ಕೌಂಟರಿಗೆ ಹಾಕಿ, ನನ್ನ ಮೇಜನ್ನು ಅವಳಿಗೆ ಕೊಟ್ಟರು. ಎಂಜಿನಿಯರ್ ಕಂಪನಿಗೆ ಕ್ಷಮೆಯ ಪತ್ರ ಹೋಯಿತು, ಅದರಲ್ಲಿ ನನ್ನ ಹೆಸರಿತ್ತು.

ಅದೇ ಸಂಜೆ ಮೆಟ್ರೋ ಮೆಟ್ಟಿಲ ಹತ್ತಿರ ಅವಳನ್ನು ಅಡ್ಡಗಟ್ಟಿದೆ. ಈಗ ಅಳು ಇರಲಿಲ್ಲ ಅವಳಲ್ಲಿ.

"ಅಕ್ಕಾ, ನೀವೇ ಯೋಚ್ನೆ ಮಾಡಿ. ಹದಿನಾಲ್ಕು ವರ್ಷ ಇದ್ದೋರನ್ನ ಯಾರೂ ತೆಗೆಯಲ್ಲ. ನಿಮಗೆ ಒಂದು ಬೈಗುಳ, ಅಷ್ಟೇ. ನನ್ನನ್ನಾದ್ರೆ ಅವತ್ತೇ ಮನೆಗೆ ಕಳಿಸ್ತಿದ್ರು."

"ಕೇಳಿದ್ದರೆ ನಾನೇ ಹೊತ್ತುಕೊಳ್ತಿದ್ದೆ ಮಾರಾಯ್ತಿ" ಎಂದೆ. "ನಿನ್ನೆ ಹೇಳಿದ್ದೆ ಕೂಡ. ನಂಬಲಿಕ್ಕೆ ನಿನಗೆ ಎಂತ ಆಯಿತು?"

"ಹೇಳೋದು ಸುಲಭ ಅಕ್ಕಾ" ಎಂದು ಚೀಲ ಸರಿಮಾಡಿಕೊಂಡು ಇಳಿದುಹೋದಳು.

ಮನೆಯಲ್ಲಿ ನನ್ನವರಿಗೆ ಹೇಳಿದೆ. ಅವರು ಹಮದ್ ಬಂದರಿನಲ್ಲಿ ಕಂಟೇನರ್‌ಗಳ ಕೆಲಸದವರು, ಸಮಾಧಾನದ ಜೀವ. ಸಂಬಳ ಉಳಿಯಿತಲ್ಲ, ಮೇಜು ಯಾವುದಾದರೇನು ಎಂದರು. ಅವರಿಗೆ ಅರ್ಥ ಮಾಡಿಸಲು ನನ್ನಿಂದಾಗಲಿಲ್ಲ. ಮೇಜು ಹೋಗಲಿ. ಒಬ್ಬ ಮನುಷ್ಯ ನನ್ನ ಹೆಸರು ನೋಡಿ ಟಿಕೆಟ್ ನೋಡಲಿಲ್ಲ ಎಂದಿದ್ದನಲ್ಲ, ಅವನೊಬ್ಬನಿಗೆ ಸತ್ಯ ಗೊತ್ತಾದರೆ ಸಾಕು ಎನಿಸಿತ್ತು ನನಗೆ. ಎಂಜಿನಿಯರಿಗೆ ಫೋನ್ ಮಾಡಿದೆ. ಅವರು ಎತ್ತಲಿಲ್ಲ. ಮದುವೆ ಮನೆ, ದುಃಖದಲ್ಲಿದ್ದಾರೆ ಎಂದು ಬಿಟ್ಟೆ. ಎದುರಿಗೆ ಸಿಕ್ಕಾಗ ಹೇಳಿದರಾಯಿತು ಎಂದು ಐದು ತಿಂಗಳು ಕಾದೆ.

ಮೊನ್ನೆ ಬಂದರು. ಬಾಗಿಲ ಬಳಿಯೇ ಇದ್ದ ನನ್ನನ್ನು ನೋಡಿ ಒಂದು ಕ್ಷಣ ನಿಂತು, "ಆರಾಮ್ರಿ?" ಎಂದು ಕೇಳಿ ಒಳಗಿನ ಮೇಜಿಗೆ ನಡೆದರು. ಮಗಳು ಬಸುರಿ, ಊರಿಗೆ ಟಿಕೆಟ್ ಬೇಕೆಂದು ಅವಳ ಹತ್ತಿರ ಹೇಳುವುದು ಕೇಳಿಸಿತು. "ನೀವ ಮಾಡ್ರಿ ತಂಗಿ, ಮತ್ತ ಯಾರ ಕೈಯಾಗೂ ಕೊಡಬ್ಯಾಡ್ರಿ" ಎಂದರು. ಅವಳು "ನಾನೇ ನೋಡ್ಕೋತೀನಿ ಸರ್" ಎಂದಳು.

ನನಗೆ ತಡೆಯಲಾಗಲಿಲ್ಲ. ಕೌಂಟರಿನಲ್ಲಿದ್ದ ಗಿರಾಕಿಯನ್ನು ಬಿಟ್ಟು ಎದ್ದು ಹೋದೆ. ಅವಳ ಎದುರಿಗೇ ಹೇಳಿದೆ.

"ಸರ್, ಆ ಮೇಲ್ ಬರೆದದ್ದು ನಾನಲ್ಲ. ಇವಳು. ನಾನು ಆ ದಿನ ಇವಳ ಮಗುವನ್ನು ನೋಡಿಕೊಂಡಿದ್ದೆ. ಬೇಕಾದರೆ ಇವಳನ್ನೇ ಕೇಳಿ."

ಅವಳು ತಲೆ ಎತ್ತಲಿಲ್ಲ. ಕಣ್ಣು ತುಂಬಿಕೊಂಡು ಪರದೆ ನೋಡುತ್ತಿದ್ದಳು. ಎಂಜಿನಿಯರ್ ಅವಳನ್ನು ನೋಡಿದರು, ಆಮೇಲೆ ನನ್ನನ್ನು. ಸಿಟ್ಟಿರಲಿಲ್ಲ ಮುಖದಲ್ಲಿ. ಅದಕ್ಕಿಂತ ಕೆಟ್ಟದ್ದಿತ್ತು. ನನಗಾಗಿ ಅವರಿಗೇ ನಾಚಿಕೆಯಾಗುತ್ತಿತ್ತು.

"ತಪ್ಪಾತು, ಹೋತು. ನಾ ಅದನ್ನ ಮನಸ್ಸಿನಾಗ ಇಟ್ಟಿಲ್ರಿ ಅಕ್ಕಾರ" ಎಂದರು. "ಆದ್ರ ಈ ಸಣ್ಣ ಹುಡುಗಿ ಮ್ಯಾಲ ಹಾಕಬ್ಯಾಡ್ರಿ. ನಿಮ್ಮ ಹೆಸರಿಗೆ ಛಲೋ ಅಲ್ಲ."

ಕೌಂಟರಿನಲ್ಲಿ ಬಿಟ್ಟು ಬಂದ ಗಿರಾಕಿ ಕರೆಯುತ್ತಿದ್ದ. ನಾನು ತಿರುಗಿ ಹೋಗಿ ಅವನ ಪಾಸ್‌ಪೋರ್ಟ್ ತೆಗೆದುಕೊಂಡೆ.